ಎರಡೂವರೆ ಲಕ್ಷದ ಸೈಕಲ್ಲು, ಒಂದು ಕಿರ್ ಸಪ್ಪಳ

ಅಕ್ಕನ ಮಗ ಮೊದಲ ಸಲ ಫೋನ್ ಮಾಡಿ, "ಮಾಮಾ, ಸೈಕಲ್ ಸಪ್ಪಳಾ ಮಾಡಾಕತ್ತೈತ್ರಿ" ಅಂದಾಗ ನಾವು ತಾಲ್ಲೂಕು ಕಚೇರಿ ಮುಂದಿನ ಧರಣಿಯ ಸುದ್ದಿ ಕಳಿಸುವ ಗಡಿಬಿಡಿಯಲ್ಲಿದ್ದೆವು. "ಎಣ್ಣಿ ಬಿಡು" ಎಂದು ಹೇಳಿ ಫೋನ್ ಇಟ್ಟೆವು.

ಎರಡನೇ ಸಲ, "ಎಣ್ಣಿ ಬಿಟ್ಟೀನ್ರಿ, ಗ್ರೀಸ್ ಹಚ್ಚೀನ್ರಿ. ಬಲಗಾಲ ಜೋರ ಒತ್ತಿದ ಕೂಡಲೇ ಕಿರ್ ಅಂತೈತಿ" ಅಂದ. ಮೂರನೇ ಸಲ ನಮಗೆ ಸಿಟ್ಟು ಬಂತು. "ಎರಡೂವರೆ ಲಕ್ಷದ ಸೈಕಲ್ ಐತಿ ಅದು. ಸೋತಿದ್ದಕ್ಕ ಸೈಕಲ್ ನೆವಾ ಹೇಳಬ್ಯಾಡ" ಅಂದುಬಿಟ್ಟೆವು. ಆಮೇಲೆ ಎರಡು ತಿಂಗಳು ಅವನು ಫೋನ್ ಮಾಡಲಿಲ್ಲ.

ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಕಡೆಯ ಓದುಗರಿಗೆ ಸೈಕಲ್ ರೇಸ್ ಹೊಸದಲ್ಲ. ಹಬ್ಬ, ಜಾತ್ರೆಗೆ ರೇಸ್ ಇಡುವ ಊರುಗಳಿವೆ. ಅಲ್ಲಿ ಗೆದ್ದ ಹುಡುಗ ಕ್ರೀಡಾ ನಿಲಯ ಸೇರಿ ರಾಜ್ಯ, ರಾಷ್ಟ್ರಮಟ್ಟಕ್ಕೆ ಹೋದ ಕಥೆಗಳೂ ಇವೆ. ನಮ್ಮ ಹುಡುಗನೂ ಹಾಗೇ ಶುರು ಮಾಡಿದವನು. ರಾಜ್ಯಮಟ್ಟಕ್ಕೆ ಬಂದ ಮೇಲೆ, "ಕಾರ್ಬನ್ ಸೈಕಲ್ ಇಲ್ಲದೆ ಮುಂದೆ ನಡೆಯುವುದಿಲ್ಲ" ಎಂದು ಎಲ್ಲರೂ ಹೇಳಿದರು. ಭಾವ ಕಬ್ಬಿನ ಬಿಲ್ಲಿನ ಹಣ ತೆಗೆದರು, ಉಳಿದದ್ದಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿದರು. ಬೆಂಗಳೂರಿನ ಅಂಗಡಿಯಿಂದ ಸೈಕಲ್ ಬಂತು. ಬಂದ ದಿನ ಅಕ್ಕ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಪೂಜೆ ಮಾಡಿದಳು.

ಮೂರೇ ತಿಂಗಳಿಗೆ ಸಪ್ಪಳ ಶುರುವಾಯಿತು. ಅಂಗಡಿಯವರು ಎರಡು ಸಲ ಪೆಡಲಿನ ನಡುವಿನ ಬೇರಿಂಗ್ ಬದಲಿಸಿ, ಎರಡೂ ಸಲ ಹಣ ತೆಗೆದುಕೊಂಡರು. ವಾರ ಸುಮ್ಮನಿದ್ದು ಮತ್ತೆ ಅದೇ ಕಿರ್. ಕಂಪನಿಗೆ ಬರೆದರೆ, ಸವಾರ ಸರಿಯಾಗಿ ನೋಡಿಕೊಂಡಿಲ್ಲ, ಶಬ್ದಕ್ಕೆ ವಾರಂಟಿ ಇಲ್ಲ ಎಂಬ ಉತ್ತರ ಬಂತು. ಹುಡುಗನ ಕೋಚ್ ಕೂಡ, ಅವನಿಗೆ ಇಳಿಜಾರಿನಲ್ಲಿ ಧೈರ್ಯ ಸಾಲುತ್ತಿಲ್ಲ ಅಂದರು. ನಿಜವೇ, ಅವನು ಇಳಿಜಾರಿನಲ್ಲಿ ಬ್ರೇಕ್ ಹಿಡಿಯುತ್ತಿದ್ದ. ತನ್ನ ಕಾಲಡಿಯ ಸೈಕಲ್ಲಿನ ಮೇಲೆ ಅವನಿಗೆ ನಂಬಿಕೆ ಹೋಗಿತ್ತು.

ಕೊನೆಗೆ ಅಕ್ಕನೇ ನಮಗೆ ಫೋನ್ ಮಾಡಿದಳು. "ಊಟ ಬಿಟ್ಟಾನ. ಬೆಂಗಳೂರಾಗ ಯಾರಿಗಾರ ತೋರಸೋ ತಮ್ಮಾ" ಅಂದಳು. ಪರಿಚಯದವರೊಬ್ಬರು ಸುದ್ದಗುಂಟೆಪಾಳ್ಯದ ಒಂದು ರಿಪೇರಿ ಕೋಣೆಯ ವಿಳಾಸ ಕೊಟ್ಟರು. ಫ್ರೇಮಿಗೆ ಕೌದಿ ಸುತ್ತಿ, ಹಗ್ಗ ಬಿಗಿದು, ನಾವು ಇಬ್ಬರೂ ರಾತ್ರಿ ಬಸ್ ಹತ್ತಿದೆವು.

ಮೆಜೆಸ್ಟಿಕ್‌ನಲ್ಲಿ ಇಳಿದು ಸಿಟಿ ಬಸ್ಸಿನಲ್ಲಿ ಡೈರಿ ಸರ್ಕಲ್, ಅಲ್ಲಿಂದ ನಡಿಗೆ. ಸುದ್ದಗುಂಟೆಪಾಳ್ಯ ಹೆಸರಿನಲ್ಲಿ ಇನ್ನೂ ಹಳ್ಳಿ. ಈಗ ಕ್ರೈಸ್ಟ್ ಯೂನಿವರ್ಸಿಟಿ ಮಕ್ಕಳ ಪಿ.ಜಿ.ಗಳು, ಜೆರಾಕ್ಸ್ ಅಂಗಡಿಗಳು, ತಿಂಡಿ ಗಾಡಿಗಳು. ಅದರ ನಡುವೆ ಒಂದು ಓಣಿಯಲ್ಲಿ ಹತ್ತಡಿ ಅಗಲದ ಕೋಣೆ. ಬೋರ್ಡ್ ಇರಲಿಲ್ಲ. ಒಳಗೆ ಐವತ್ತರ ಆಸುಪಾಸಿನ ಒಬ್ಬ ಮೆಕ್ಯಾನಿಕ್.

ಅವರು ಕೌದಿ ಬಿಚ್ಚಿದರು. ನಮ್ಮನ್ನು ಕೇಳಲಿಲ್ಲ, ಹುಡುಗನನ್ನೇ ಕೇಳಿದರು. "ಯಾವ ಕಾಲು ಒತ್ತಿದಾಗ ಬರುತ್ತಪ್ಪ? ಎದ್ದು ನಿಂತು ತುಳಿದಾಗಲೋ, ಕೂತಾಗಲೋ? ಬಿಸಿಲಲ್ಲಿ ಜಾಸ್ತಿನಾ?" ಹುಡುಗ ಒಂದೊಂದಕ್ಕೂ ಉತ್ತರ ಕೊಟ್ಟ. ಅಷ್ಟು ವಿವರ ಅವನ ಹತ್ತಿರ ಇತ್ತು. ನಾವು ಜನರನ್ನು ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆಯುವವರು. ಈ ಪ್ರಶ್ನೆಗಳನ್ನು ನಾವು ಒಂದು ಸಲವೂ ಕೇಳಿರಲಿಲ್ಲ.

ಅವರು ಪೆಡಲ್, ಬೇರಿಂಗ್ ಎಲ್ಲ ಬಿಚ್ಚಿ ಫ್ರೇಮಿನ ತೂತನ್ನು ಬರಿದು ಮಾಡಿದರು. ಆಮೇಲೆ ನಮಗೆ ಅರ್ಥವಾಗುವ ಹಾಗೆ ಹೇಳಿದರು.

ನಮ್ಮೂರಿನ ಹಳೆಯ ಹೀರೋ, ಅಟ್ಲಾಸ್ ಸೈಕಲ್ಲಿನಲ್ಲಿ ಪೆಡಲ್ ತಿರುಗುವ ಜಾಗ ಉಕ್ಕಿನದು. ಒಳಗೆ ಮರೆ ಇರುತ್ತದೆ, ಬೇರಿಂಗಿನ ಬಟ್ಟಲನ್ನು ತಿರುಗಿಸಿ ಬಿಗಿ ಮಾಡುತ್ತಾರೆ. ಸಡಿಲಾದರೆ ಊರ ಮೇಸ್ತ್ರಿ ಪಾನಾ ಹಿಡಿದು ಸರಿ ಮಾಡುತ್ತಾನೆ. ಕಾರ್ಬನ್ ಫ್ರೇಮ್‌ಗಳು ಬಂದ ಮೇಲೆ ಅನೇಕ ಕಂಪನಿಗಳು ಮರೆಯನ್ನೇ ಬಿಟ್ಟವು. ತೂಕ ಕಡಿಮೆ, ಮಾಡುವುದೂ ಸುಲಭ. ಈ ಫ್ರೇಮಿನ ಜಾತಿಯಲ್ಲಿ 41 ಮಿ.ಮೀ. ಅಳತೆಯ ನುಣುಪಾದ ತೂತು, ಅದರೊಳಗೆ ಬೇರಿಂಗನ್ನು ಒತ್ತಿ ಕೂರಿಸುತ್ತಾರೆ. ಹಿಡಿದುಕೊಳ್ಳಲು ಬೇರೇನೂ ಇಲ್ಲ. ತೂತು ಸರಿಯಾಗಿ ದುಂಡಗಿರಬೇಕು, ಎಡ ಬಲ ತೂತುಗಳು ಒಂದೇ ನೇರದಲ್ಲಿರಬೇಕು. ಇಲ್ಲದಿದ್ದರೆ ಪ್ರತಿ ತುಳಿತಕ್ಕೂ ಬೇರಿಂಗ್ ಒಳಗೊಳಗೇ ಅಲುಗುತ್ತದೆ. ಅದೇ ಆ ಕಿರ್.

ಅವರು ಗೇಜ್ ಇಟ್ಟು ಅಳೆದರು. ಉದ್ದಕ್ಕೆ ಒಂದು ಅಳತೆ, ಅಡ್ಡಕ್ಕೆ ಇನ್ನೊಂದು. ವ್ಯತ್ಯಾಸ 0.2 ಮಿ.ಮೀ. "ಸಾರ್, ಇದು ದುಂಡಗಿಲ್ಲ. ಮೊಟ್ಟೆ ಥರ ಇದೆ. ಎಷ್ಟು ಬೇರಿಂಗ್ ಹಾಕಿದರೂ ಇಷ್ಟೇ" ಅಂದರು. ಎರಡು ಮೂರು ಕೂದಲೆಳೆಯಷ್ಟು ವ್ಯತ್ಯಾಸ. ಅಷ್ಟಕ್ಕೇ ಒಬ್ಬ ಹುಡುಗನ ಒಂದು ವರ್ಷ ಹೋಗಿತ್ತು.

ಆಮೇಲೆ ತೆಳ್ಳನೆಯ ವೈರಿನ ತುದಿಗಿದ್ದ ಕ್ಯಾಮೆರಾವನ್ನು ಫ್ರೇಮಿನ ಒಳಗೆ ಬಿಟ್ಟು ಮೊಬೈಲಿನಲ್ಲಿ ತೋರಿಸಿದರು. ಹೊರಗೆ ಕನ್ನಡಿಯಂಥ ಬಣ್ಣ. ಒಳಗೆ, ಹಿಂದಿನ ಚಕ್ರದ ಕಡೆಗೆ ಹೋಗುವ ಕೊಳವೆ ಕೂಡುವ ಜಾಗದಲ್ಲಿ ಬಟ್ಟೆ ಮುದುಡಿದಂಥ ನಿರಿಗೆಗಳು.

ಕಾರ್ಬನ್ ಫ್ರೇಮ್ ಯಂತ್ರದಿಂದ ಎರಕ ಹೊಯ್ದು ಬರುತ್ತದೆ ಎಂದೇ ನಾವು ತಿಳಿದಿದ್ದೆವು. ಹಾಗಲ್ಲ. ಕೂದಲಿಗಿಂತ ಹತ್ತು ಪಟ್ಟು ತೆಳುವಾದ ಎಳೆಗಳ ಹಾಳೆ ಮಾಡಿ, ಅಂಟು ಸವರಿ, ನೂರಾರು ತುಂಡು ಕತ್ತರಿಸುತ್ತಾರೆ. ತೈವಾನ್, ಚೀನಾದ ಕಾರ್ಖಾನೆಗಳಲ್ಲಿ ಕಾರ್ಮಿಕರು ಅವನ್ನು ಕೈಯಿಂದಲೇ ಒಂದರ ಮೇಲೊಂದು ಹಚ್ಚುತ್ತಾರೆ. ಯಾವ ತುಂಡು ಯಾವ ದಿಕ್ಕಿಗೆ ಎಂಬುದರ ಮೇಲೆ ಫ್ರೇಮಿನ ಬಲ ನಿಂತಿದೆ. ಆಮೇಲೆ ಅಚ್ಚಿನಲ್ಲಿಟ್ಟು, ಒಳಗಿನಿಂದ ಗಾಳಿಚೀಲ ಉಬ್ಬಿಸಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ಒತ್ತಡ ಸರಿಯಾಗಿ ಬೀಳದಿದ್ದರೆ ಪದರದ ನಡುವೆ ಗಾಳಿಗುಳ್ಳೆ ಉಳಿಯುತ್ತದೆ, ಇಲ್ಲವೇ ನಿರಿಗೆ ಬೀಳುತ್ತದೆ. ನಿರಿಗೆಯಲ್ಲಿ ಎಳೆ ನೇರ ಇರುವುದಿಲ್ಲ, ಆ ಜಾಗ ಸೊರಗುತ್ತದೆ. ಮೇಲೆ ಲಪ್ಪ ಸವರಿ, ಉಜ್ಜಿ, ಬಣ್ಣ ಹೊಡೆದರೆ ಯಾರಿಗೂ ಕಾಣುವುದಿಲ್ಲ.

ನಮಗೆ ಪಕ್ಕದಲ್ಲಿ ಬಿದ್ದಿದ್ದ ಕೌದಿ ಕಂಡಿತು. ಅವ್ವ ಹೊಲಿದದ್ದು. ಹಳೆಯ ಸೀರೆಯ ಪದರ ಹಾಸಿ, ಒಂದೊಂದು ಪದರವನ್ನೂ ಅಂಗೈಯಿಂದ ಸವರಿ ಸುಕ್ಕು ತೆಗೆದ ಮೇಲೆಯೇ ಅವಳು ಸೂಜಿ ಹಾಕುತ್ತಿದ್ದಳು. "ಒಳಗ ಸುಕ್ಕು ಇದ್ರ ಅಲ್ಲೇ ಮೊದಲ ಹರೀತೈತಿ" ಅನ್ನುತ್ತಿದ್ದಳು. ಕಾರ್ಖಾನೆಯಲ್ಲಿ ಹಾಳೆ ಹಚ್ಚುವ ಕೈಗಳಿಗೂ ಇದು ಗೊತ್ತಿರುತ್ತದೆ. ಆದರೆ ದಿನಕ್ಕೆ ಎಷ್ಟು ಫ್ರೇಮ್ ಮುಗಿಸಬೇಕು, ಯಾವುದನ್ನು ತೆಗೆದು ಪಕ್ಕಕ್ಕಿಡಬೇಕು ಎಂದು ತೀರ್ಮಾನಿಸುವವರು ಆ ಕೈಯವರಲ್ಲ.

"ಇದು ಮುರಿಯುತ್ತಾ?" ಎಂದು ಕೇಳಿದೆವು.

"ಮುರಿಯುತ್ತೆ ಅಂತ ಹೇಳಕ್ಕಾಗಲ್ಲ ಸಾರ್. ಮುರಿಯಲ್ಲ ಅಂತಲೂ ಹೇಳಕ್ಕಾಗಲ್ಲ. ನನ್ನ ಮಗನಾಗಿದ್ರೆ ಇಳಿಜಾರಿಗೆ ಕಳಿಸ್ತಿರಲಿಲ್ಲ."

ಅಷ್ಟು ಹೊತ್ತು ಸುಮ್ಮನಿದ್ದ ಹುಡುಗ ಆಗ ಒಂದೇ ಮಾತು ಕೇಳಿದ. "ಹಂಗಾರ ನಂದೇನೂ ತಪ್ಪಿಲ್ಲೇನ್ರಿ?"

"ಇಲ್ಲಪ್ಪ" ಅಂದರು ಮೆಕ್ಯಾನಿಕ್. ನಾವು ಓಣಿಯ ಕಡೆ ನೋಡುತ್ತಾ ನಿಂತೆವು.

ಇದು ನಮ್ಮೊಬ್ಬರ ಕಥೆಯಲ್ಲ ಎಂದು ಊರಿಗೆ ಬಂದ ಮೇಲೆ ಓದಿ ತಿಳಿದೆವು. ಜಗತ್ತಿನ ದೊಡ್ಡ ಸವಾರ ಮ್ಯಾಥ್ಯೂ ವಾನ್ ಡರ್ ಪೂಲ್ 2021ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಒಂದು ರೇಸಿನಲ್ಲಿ ಓಡಿಸುತ್ತಿದ್ದಾಗಲೇ ಹ್ಯಾಂಡಲ್ ಮುರಿಯಿತು. ಕ್ಯಾನ್ಯನ್ ಕಂಪನಿ ಆ ಮಾದರಿಯ ಸೈಕಲ್ ಕೊಂಡವರಿಗೆ ಸವಾರಿ ನಿಲ್ಲಿಸಿ ಎಂದು ಹೇಳಬೇಕಾಯಿತು. ಅದೇ ವರ್ಷ ಸ್ಪೆಷಲೈಸ್ಡ್ ಕಂಪನಿ ತನ್ನ ಟಾರ್ಮ್ಯಾಕ್ ಎಸ್ಎಲ್7 ಸೈಕಲ್‌ಗಳನ್ನು ವಾಪಸ್ ಕರೆಯಿತು. ಹ್ಯಾಂಡಲ್ ಕೆಳಗಿನ ಕಾರ್ಬನ್ ಕೊಳವೆ ಬಿರುಕು ಬಿಡುವ ಅಪಾಯವಿತ್ತು. 2023ರಲ್ಲಿ ಶಿಮಾನೊ ಕಂಪನಿ ಅಮೆರಿಕ ಒಂದರಲ್ಲೇ ಸುಮಾರು 6,80,000 ಕ್ರ್ಯಾಂಕ್‌ಗಳನ್ನು ತಪಾಸಣೆಗೆ ಕರೆಯಿತು. ಅಂಟಿಸಿದ ಭಾಗ ಬಿಟ್ಟುಕೊಂಡ 4,519 ದೂರು ಬಂದಿದ್ದವು. ಇವೆಲ್ಲ ಅಗ್ಗದ ಸಾಮಾನಲ್ಲ.

ಪರೀಕ್ಷೆಯೇ ಇಲ್ಲವೇ? ಇದೆ. ಐಎಸ್ಒ 4210 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಫ್ರೇಮನ್ನು ಯಂತ್ರಕ್ಕೆ ಕಟ್ಟಿ 1 ಲಕ್ಷ ಸಲ ತುಳಿಸುತ್ತಾರೆ. ಆದರೆ ತುಳಿಸುವುದು ಮಾದರಿ ಫ್ರೇಮನ್ನು. ನಿಮ್ಮ ಮನೆಗೆ ಬಂದದ್ದು ಆ ಯಂತ್ರ ಕಂಡದ್ದಲ್ಲ. ಬೆಲೆಯ ದೊಡ್ಡ ಪಾಲು ಹಗುರತನಕ್ಕೆ ಕೊಡುತ್ತೇವೆ. ರೇಸಿಗೆ ಸೈಕಲ್ 6.8 ಕೆ.ಜಿ.ಗಿಂತ ಕಡಿಮೆ ಇರಬಾರದು ಎಂಬ ನಿಯಮವಿದೆ, ಎಲ್ಲರ ಓಟವೂ ಆ ಗೆರೆಯ ಕಡೆಗೇ. ಹಗುರ ಮಾಡಿದಷ್ಟೂ ಪದರ ಕಡಿಮೆ, ತಪ್ಪಿಗೆ ಜಾಗವೂ ಕಡಿಮೆ.

ನಿಮ್ಮ ಮನೆಯಲ್ಲೂ ರೇಸಿನ ಹುಡುಗ ಹುಡುಗಿ ಇದ್ದರೆ ಇಷ್ಟು ನೆನಪಿಡಿ. ಪೆಡಲಿನ ಜಾಗಕ್ಕೆ ಮರೆ ಇರುವ ಫ್ರೇಮ್ ಸಿಕ್ಕರೆ ಅದನ್ನೇ ಕೊಳ್ಳಿ. ಎಷ್ಟೋ ಕಂಪನಿಗಳು ಈಗ ಮತ್ತೆ ಮರೆಗೆ ಮರಳಿವೆ. ಒತ್ತಿ ಕೂರಿಸುವ ಜಾತಿಯಾದರೆ ಜೋಡಿಸುವ ಮೊದಲೇ ತೂತಿನ ಅಳತೆ ತೆಗೆಸಿ. ಬಿಲ್ಲಿನಲ್ಲಿ ಫ್ರೇಮಿನ ನಂಬರ್ ಬರೆಸಿ. ಸಪ್ಪಳ ಬಂದ ದಿನವೇ ವಿಡಿಯೊ ಮಾಡಿ, ದೂರನ್ನು ಬಾಯಲ್ಲಿ ಹೇಳದೆ ಬರವಣಿಗೆಯಲ್ಲಿ ಕೊಡಿ. ಅಂಗಡಿ ಬೆಂಗಳೂರಿನಲ್ಲಿದ್ದರೂ ದೂರು ಕೊಡಲು ಅಲ್ಲಿಗೆ ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಹಾಕಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಎರಡು ವರ್ಷದ ಒಳಗೆ ಹಾಕಬೇಕು. ಸಹಾಯವಾಣಿ 1915.

ನಾವು ಮೆಕ್ಯಾನಿಕ್ ಬರೆದುಕೊಟ್ಟ ಅಳತೆ, ಕ್ಯಾಮೆರಾದ ಚಿತ್ರಗಳನ್ನು ಸೇರಿಸಿ ಕಂಪನಿಗೆ ಪತ್ರ ಬರೆದೆವು. ಆಯೋಗಕ್ಕೆ ಹೋಗುತ್ತೇವೆ ಎಂದೂ ಬರೆದೆವು. ಆರು ವಾರದ ನಂತರ ಬೇರೆ ಫ್ರೇಮ್ ಬಂತು. ಪತ್ರದಲ್ಲಿ ತಪ್ಪಾಯಿತು ಎಂಬ ಮಾತಿರಲಿಲ್ಲ, ಗ್ರಾಹಕರ ಮೇಲಿನ ಗೌರವಕ್ಕಾಗಿ ಕೊಡುತ್ತಿದ್ದೇವೆ ಎಂದಿತ್ತು. ಹೊಸ ಫ್ರೇಮನ್ನು ಅದೇ ಕೌದಿಯಲ್ಲಿ ಸುತ್ತಿಕೊಂಡು ಸುದ್ದಗುಂಟೆಪಾಳ್ಯಕ್ಕೆ ಒಯ್ದು ಅಳೆಸಿಯೇ ಜೋಡಿಸಿದೆವು. ಸಪ್ಪಳವಿಲ್ಲ.

ಆದರೆ ರಾಜ್ಯ ತಂಡದ ಆಯ್ಕೆ ಅಷ್ಟರಲ್ಲಿ ಮುಗಿದಿತ್ತು. 18 ವರ್ಷದೊಳಗಿನವರ ವಿಭಾಗದಲ್ಲಿ ಅದು ಅವನ ಕೊನೆಯ ವರ್ಷ. ಈಗ ತನಗಿಂತ ದೊಡ್ಡವರ ಜೊತೆ ಓಡಬೇಕು. ಸೊಸೈಟಿ ಸಾಲ ಇನ್ನೂ ಇದೆ. ಕಂಪನಿ ಫ್ರೇಮ್ ಕೊಟ್ಟಿತು, ಆ ವರ್ಷವನ್ನು ಕೊಡಲಿಲ್ಲ.

ನಾವೂ ಅವನಿಗೆ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿಲ್ಲ. ಮಾಮನಾದವನು ಅಳಿಯನಿಗೆ ಹೇಗೆ ಹೇಳುವುದು ಎಂಬ ಬಿಗುಮಾನ. ಅದಕ್ಕೇ ಇಲ್ಲಿ ಬರೆದಿದ್ದೇವೆ, ಅವನು ಫೋನಿನಲ್ಲಿ ಓದುತ್ತಾನೆ. ಮೊನ್ನೆ ಮತ್ತೆ ಕರೆ ಮಾಡಿ, "ಮಾಮಾ, ಹಿಂದಿನ ಗಾಲಿ ಕಡೆ ಏನೋ ಟಿಕ್ ಟಿಕ್ ಅಂತೈತ್ರಿ" ಅಂದ. ಬರೆಯುತ್ತಿದ್ದ ಸುದ್ದಿ ಬದಿಗಿಟ್ಟು ಕೇಳಿದೆವು: "ಯಾವ ಕಾಲ ಒತ್ತಿದಾಗ?"