ಕೂಡಲ ನೀರಿನಲ್ಲಿ ಗಾಳ

ಮೈಸೂರಿನಿಂದ ಹೊರಟ ಯಾತ್ರಿಕನಿಗೆ ನಂಜನಗೂಡೆಂದರೆ ಶ್ರೀಕಂಠೇಶ್ವರನ ಸನ್ನಿಧಿ, ದೊಡ್ಡ ಜಾತ್ರೆಯ ತೇರು, ರಸಬಾಳೆಯ ಕಂಪು. ತಿರುಮಕೂಡಲು ನರಸೀಪುರವೆಂದರೆ ತ್ರಿವೇಣಿ ಸಂಗಮ, ಗುಂಜಾನರಸಿಂಹ, 1989ರಿಂದ ನಡೆದು ಬಂದಿರುವ ಕುಂಭಮೇಳ. ಆದರೆ ಈ ಎರಡು ಊರುಗಳನ್ನು ಹೆಣೆದು ಹರಿಯುವ ನೀರಿಗೆ ಇನ್ನೊಂದು ಖ್ಯಾತಿಯೂ ಉಂಟು. ಅದನ್ನು ಬಲ್ಲವರು ವಿರಳ. ಗಾಳದ ಕೋಲು ಹಿಡಿದು ದೇಶ ಸುತ್ತುವವರ ಕೂಟದಲ್ಲಿ ಕಪಿಲೆ ಮತ್ತು ಕಾವೇರಿಯ ಹೆಸರುಗಳನ್ನು ಒಂದು ಕಾಲಕ್ಕೆ ತಗ್ಗಿದ ದನಿಯಲ್ಲಿ ಉಚ್ಚರಿಸುತ್ತಿದ್ದರು. ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬುವ ಕಸುಬಿನಲ್ಲಿ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಜೆ. ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ ಮೀನು 120 ಪೌಂಡು ತೂಗಿತು. ಇಂದಿನ ಲೆಕ್ಕದಲ್ಲಿ 54 ಕಿಲೋಗ್ರಾಮು. ಒಬ್ಬ ಬೆಳೆದ ಆಳಿನ ತೂಕ!

ನಾನು ಬಯಲುಸೀಮೆಯ ಕೆರೆಯ ದಡದಲ್ಲಿ ಬೆಳೆದವನು. ಎರೆಹುಳು, ಬೆಂಡು, ಬಿದಿರು ಕೋಲು—ಇವಿಷ್ಟೇ ನಮ್ಮ ಸಾಮಗ್ರಿ. ಕೆರೆಯ ನೀರು ಕದಲುವುದಿಲ್ಲ; ಬೆಂಡು ಕದಲಿದರೆ ಮೀನು ಬಂತೆಂದೇ ಅರ್ಥ. ಹೊಳೆಯಲ್ಲಾದರೋ ಎಲ್ಲವೂ ಕದಲುತ್ತದೆ. ಈ ದೊಡ್ಡ ನೀರಿನೊಡನೆ ಒಮ್ಮೆಯಾದರೂ ಪರಿಚಯ ಮಾಡಿಕೊಳ್ಳಬೇಕೆಂಬ ಬಹುದಿನದ ಆಸೆಯಿಂದ, ಮಾಘ ಮಾಸದ ತಿಳಿನೀರಿನ ದಿನಗಳಲ್ಲಿ, ಕೋಲು ಚೀಲಗಳನ್ನು ಹೊತ್ತು ನಂಜನಗೂಡಿಗೆ ಬಂದಿಳಿದೆ.

ಹಳೆಯ ಸೇತುವೆಯಿಂದ ಕಂಡ ನೀರು

ನಂಜನಗೂಡಿನಲ್ಲಿ ನಾನು ಗಾಳ ಬಿಚ್ಚಲಿಲ್ಲ. ಭಕ್ತರು ಮುಳುಗೇಳುವ ಸೋಪಾನದ ಬಳಿ ಗಾಳ ಬೀಸುವುದು ಮರ್ಯಾದೆಯಲ್ಲ. ಅಲ್ಲದೆ, ಹೊಸ ಹೊಳೆಗೆ ಬಂದವನ ಮೊದಲ ಕೆಲಸ ನೋಡುವುದೇ ಹೊರತು ಹಿಡಿಯುವುದಲ್ಲ. ನೋಡಲು ತಕ್ಕ ತಾಣ ಇಲ್ಲಿಯ ಹಳೆಯ ಸೇತುವೆ. 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ಈ ಕಲ್ಲು ಸೇತುವೆ ಮುಂದೆ ರೈಲನ್ನೂ ರಸ್ತೆಯನ್ನೂ ಒಟ್ಟಿಗೆ ಹೊತ್ತಿತು. ಈಗ ಆ ಭಾರವನ್ನು ಹೊಸ ಸೇತುವೆಗಳಿಗೆ ವಹಿಸಿ ವಿಶ್ರಮಿಸುತ್ತಿದೆ.

ಕಪಿಲೆ ಇಲ್ಲಿಗೆ ಬರುವ ಹೊತ್ತಿಗೆ ಬಹಳ ದಾರಿ ನಡೆದಿರುತ್ತಾಳೆ. ವೈನಾಡಿನ ಮಳೆಕಾಡುಗಳಲ್ಲಿ ಹುಟ್ಟಿ, ಬೀಚನಹಳ್ಳಿಯಲ್ಲಿ 1974ರಲ್ಲಿ ಮುಗಿದ ಅಣೆಕಟ್ಟಿನಲ್ಲಿ ತಂಗಿ, ನುಗು ಹೊಳೆಯನ್ನು ಕೂಡಿಕೊಂಡು, ನಂಜನಗೂಡಿನ ಬಳಿ ಗುಂಡ್ಲು ಹೊಳೆಯನ್ನೂ ಸೇರಿಸಿಕೊಳ್ಳುತ್ತಾಳೆ. 2018 ಮತ್ತು 2019ರ ಮಳೆಗಾಲಗಳಲ್ಲಿ ಉಕ್ಕಿ ಮೈಸೂರಿನ ಹೆದ್ದಾರಿಯನ್ನೇ ಮುಳುಗಿಸಿದ ನದಿ ಇದೇ ಎಂದು ಮಾಘದ ಬೆಳಗಿನಲ್ಲಿ ನೋಡುವವನು ನಂಬಲಾರ.

ಸೇತುವೆಯ ಕಂಬಗಳೇ ನನಗೆ ಮೊದಲ ಪಾಠ ಹೇಳಿದವು. ಕಂಬಕ್ಕೆ ಬಡಿದ ನೀರು ಇಬ್ಬದಿಗೆ ಸೀಳಿ ಧಾವಿಸುತ್ತದೆ. ಕಂಬದ ಹಿಂದೆ ಮಾತ್ರ ಒಂದು ಮಾರು ಉದ್ದದ ನೆಮ್ಮದಿಯ ನೀರು. ಸಣ್ಣ ಮೀನುಗಳ ಹಿಂಡೊಂದು ಆ ನೆಮ್ಮದಿಯಲ್ಲಿ ಮೂತಿಯನ್ನು ಪ್ರವಾಹಕ್ಕೊಡ್ಡಿ ನಿಂತು, ತೇಲಿ ಬಂದ ತುಣುಕನ್ನು ಪಕ್ಕಕ್ಕೆ ಜಿಗಿದು ಕಚ್ಚಿ, ಮತ್ತೆ ಸ್ವಸ್ಥಾನಕ್ಕೆ ಮರಳುತ್ತಿತ್ತು. ಹೊಳೆಯ ಮೀನು ಆಹಾರವನ್ನು ಅರಸಿ ಅಲೆಯುವುದಿಲ್ಲ. ಆಹಾರವೇ ಬರುವ ದಾರಿಯಲ್ಲಿ, ಶ್ರಮವಿಲ್ಲದೆ ನಿಲ್ಲಬಹುದಾದ ಎಡೆಯನ್ನು ಹುಡುಕಿಕೊಂಡಿರುತ್ತದೆ. ಬಂಡೆಯ ಹಿಂದು, ತಿರುವಿನ ಆಳ, ವೇಗದ ನೀರೂ ನಿಧಾನದ ನೀರೂ ಉಜ್ಜುವ ಅಂಚು—ಇವು ಅದರ ಬಿಡಾರಗಳು.

ತೆಪ್ಪದ ಯಜಮಾನರು

ಮರುದಿನ ನಸುಕಿನಲ್ಲಿ ನರಸೀಪುರದ ಸಂಗಮದ ದಡ ಸೇರಿದೆ. ಒಂದು ಕಡೆ ಗುಂಜಾನರಸಿಂಹ, ಎದುರು ದಡದಲ್ಲಿ ಅಗಸ್ತ್ಯೇಶ್ವರ. ನಡುವೆ ಕಣ್ಣಿಗೆ ಕಾಣುವ ಎರಡು ನದಿಗಳು, ಕಾಣದ ಸ್ಫಟಿಕ ಸರೋವರ. ನರಸಿಂಹನ ಬೆರಳುಗಳ ನಡುವೆ ಗುಲಗಂಜಿಯೊಂದಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆಂಬುದು ಅದರ ಅರ್ಥವೆಂದು ಸ್ಥಳದವರು ಹೆಮ್ಮೆಯಿಂದ ಹೇಳುತ್ತಾರೆ.

ನನ್ನನ್ನು ಹೊಳೆಗೆ ಕರೆದೊಯ್ಯಲು ಒಪ್ಪಿದವರು ಎಪ್ಪತ್ತರ ಸಮೀಪದ ಬೆಸ್ತರೊಬ್ಬರು. ಅವರ ತಂದೆಯ ಕಾಲದಲ್ಲಿ ತೆಪ್ಪವೆಂದರೆ ಬಿದಿರಿನ ಹೆಣಿಗೆ, ಮೇಲೆ ಚರ್ಮದ ಹೊದಿಕೆ, ಇವರದು ಫೈಬರಿನದು. ತಿರುಗುವ ಗುಣ ಮಾತ್ರ ಬದಲಾಗಿಲ್ಲ. ಸಂಗಮದ ಸ್ನಾನಘಟ್ಟಗಳನ್ನು ದೂರ ಬಿಟ್ಟು ಕೆಳಗಿನ ನೀರಿಗೆ ತೆಪ್ಪವನ್ನು ಇಳಿಸುತ್ತ ಅವರು ನನ್ನ ಪೂರ್ವಚರಿತ್ರೆ ವಿಚಾರಿಸಿದರು. ಕೆರೆಯವನೆಂದು ತಿಳಿದು ನಕ್ಕರು.

“ಕೆರೆ ಮೀನು ಊರೆಲ್ಲಾ ಸುತ್ತತದೆ ಸ್ವಾಮಿ. ಹೊಳೆ ಮೀನಿಗೆ ಮನೆ ಅದೆ. ಮನೆ ಯಾವುದು ಅಂತ ತಿಳ್ಕಂಡು ಬಾಗಿಲಿಗೆ ಊಟ ಇಡ್ಬೇಕು.”

“ಮನೆ ಎಲ್ಲಿದೆ, ಯಜಮಾನರೆ?”

ಅವರು ಹುಟ್ಟನ್ನು ಚಾಚಿದರು. “ಆ ನೊರೆ ಸಾಲು ನೋಡಿ. ಈ ಕಡೆ ಕಾವೇರಿ ಓಡ್ತಾವ್ಳೆ, ಆ ಕಡೆ ಕಪಿಲೆ ನಿಂತವ್ಳೆ. ಮಧ್ಯೆ ಗೆರೆ ಅದಲ್ಲ, ಅಲ್ಲೇ ಕಾಯ್ತಾ ಇರ್ತದೆ.”

ಸೇತುವೆಯ ಮೇಲೆ ಅರ್ಧ ದಿನ ನಿಂತು ಕಲಿತದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಗಾಳಕ್ಕೆ ಕಟ್ಟಿದ್ದು ರಾಗಿ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ನಾದಿ ನಿಂಬೆಯ ಗಾತ್ರಕ್ಕೆ ಉಂಡೆ ಕಟ್ಟಿದರೆ ಹರಿವ ನೀರಿನಲ್ಲಿಯೂ ಕರಗದು. ವಿಲಾಯತಿಯ ಹೊಳೆಯುವ ತಗಡಿನ ಮೀನುಗಳನ್ನು ತಂದವರೂ ಕಾವೇರಿಯ ದಡದಲ್ಲಿ ಕಡೆಗೆ ಈ ಬಡವನ ಮುದ್ದೆಗೇ ಶರಣಾದರು. ಆದರೆ ಕೆರೆಗೆ ಸಾಕಾಗುವ ಸೀಸದ ಗುಂಡು ಇಲ್ಲಿ ಹುಲ್ಲುಕಡ್ಡಿಗೆ ಸಮ. ಯಜಮಾನರ ಡಬ್ಬಿಯಿಂದ ಭಾರವಾದದ್ದನ್ನು ಪಡೆದು ಕಟ್ಟಿ, ನೊರೆ ಸಾಲಿನ ಮೇಲ್ಗಡೆ ಬೀಸಿ, ದಾರವನ್ನು ಬೆರಳಿನ ಮೇಲಿಟ್ಟುಕೊಂಡು ಕುಳಿತೆ. ಗುಂಡು ಕಲ್ಲಿನಿಂದ ಕಲ್ಲಿಗೆ ಉರುಳುವುದು ಬೆರಳಿಗೆ ತಿಳಿಯುತ್ತಿತ್ತು. ಕಣ್ಣಿಗೆ ಕಾಣದ ಹೊಳೆಯ ತಳವನ್ನು ಕುರುಡನು ಕೋಲಿನಿಂದ ದಾರಿ ಅರಿವಂತೆ ಅರಿಯುವ ಆ ಸುಖ ಕೆರೆಯಲ್ಲಿ ಇಲ್ಲ.

ಕಾಣದಾದ ಒಡೆಯ

ಕಾಯುವ ಹೊತ್ತು ದೊಡ್ಡದು. ಮಾತು ಮಹಶೀರಿನ ಕಡೆ ಹೊರಳಿತು. ಮದರಾಸು ಸರಕಾರದ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಭಾರತದ ಗಾಳದ ಬೇಟೆಯ ಮೇಲೆ ಪುಸ್ತಕವನ್ನೇ ಬರೆದು ಈ ಮೀನನ್ನು ಲೋಕಪ್ರಸಿದ್ಧಗೊಳಿಸಿದ. 1919ರಲ್ಲಿ ಕಾವೇರಿಯಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಹಿಡಿದದ್ದು 119 ಪೌಂಡಿನದು. ಬಾಯಲ್ಲಿ ಹಲ್ಲಿಲ್ಲದಿದ್ದರೂ ಗಂಟಲ ಹಲ್ಲುಗಳಿಂದ ಏಡಿ ಶಂಖಗಳನ್ನು ಪುಡಿಗೈಯುವ ಈ ಮೀನು, ಮುಂಗಾರಿನ ಕೆಂಪು ನೀರು ಬಂದೊಡನೆ ಮೊಟ್ಟೆಯಿಡಲು ಪ್ರವಾಹದ ವಿರುದ್ಧ ಮೇಲೇರುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸ್ಟೀಲ್‌ಹೆಡ್ ಎಂಬ ಮೀನು ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ತವರಿಗೆ ಮರಳುತ್ತದಷ್ಟೆ. ನಮ್ಮ ಮೀನು ಸಮುದ್ರ ಕಾಣದಿದ್ದರೂ ಯಾತ್ರೆಯ ಹಂಬಲ ಅದೇ. ಅಲ್ಲಿಯ ಕೊಲಂಬಿಯಾ ನದಿಯಲ್ಲಿ 1938ರ ಬಾನೆವಿಲ್ ಅಣೆಕಟ್ಟಿಗೆ ಮೀನು ಹತ್ತಲು ಮೆಟ್ಟಿಲು ಕಟ್ಟಿದರು. 1942ರ ಗ್ರ್ಯಾಂಡ್ ಕೂಲಿಗೆ ಕಟ್ಟಲಿಲ್ಲ, ಅದರ ಮೇಲಿನ ನೀರಿಗೆ ಮೀನಿನ ಯಾತ್ರೆಯೇ ನಿಂತಿತು. ನಮ್ಮಲ್ಲಿಯೂ ಅಣೆಕಟ್ಟುಗಳು ಹೊಲಗಳಿಗೆ ನೀರನ್ನಿತ್ತವು, ಮೀನಿನ ದಾರಿಯನ್ನು ಕಟ್ಟಿದವು. ಮೇಲೆ ಸಿಡಿಮದ್ದು, ಮರಳು ಗಣಿಗಾರಿಕೆ, ಕೊಳೆನೀರು.

ಇದಕ್ಕಿಂತ ವಿಚಿತ್ರವಾದ ಸಂಗತಿಯೊಂದಿದೆ. ಕಾವೇರಿ ವ್ಯವಸ್ಥೆಗೇ ಮೀಸಲಾದ, ಬೆನ್ನು ಗೂನಿದ, ಕಿತ್ತಳೆ ಛಾಯೆಯ ರೆಕ್ಕೆಯ ಈ ದೈತ್ಯನಿಗೆ ಒಂದೂವರೆ ಶತಮಾನ ಖ್ಯಾತಿಯಿದ್ದರೂ ಶಾಸ್ತ್ರೋಕ್ತವಾದ ಹೆಸರು ಖಚಿತವಾಗಿರಲಿಲ್ಲ. 2018ರಲ್ಲಿ ವಿಜ್ಞಾನಿಗಳು, ಕೇರಳದ ಪಾಂಬಾರ್ ಹೊಳೆಯ ಮರಿಗಳನ್ನು ನೋಡಿ 2007ರಲ್ಲಿ ಹೆಸರಿಸಿದ್ದ ‘ಟಾರ್ ರೆಮಾದೇವಿ’ ಇದೇ ಎಂದು ಗುರುತಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನೂ ಸೇರಿತು. ನಾಮಕರಣವೂ ಮರಣಶಯ್ಯೆಯ ವಾರ್ತೆಯೂ ಒಟ್ಟಿಗೇ! 1970ರ ದಶಕದ ನಂತರ ಲೋನಾವಳದ ಮೀನುಮರಿ ಕೇಂದ್ರದಿಂದ ತಂದು ಕಾವೇರಿಗೆ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಸದುದ್ದೇಶದಿಂದಲೇ ಬಂದಿತಾದರೂ, ಗೂನುಬೆನ್ನಿನ ಒಡೆಯನ ಮನೆಯನ್ನು ಅದೇ ಆಕ್ರಮಿಸಿತು.

ದೂರವಾಣಿಯ ಪರದೆಯ ಮೇಲೆ ಆ ಮೀನಿನ ಚಿತ್ರವನ್ನು ಯಜಮಾನರಿಗೆ ತೋರಿಸಿದೆ. ಅವರು ಹುಟ್ಟು ಹಾಕುವುದನ್ನು ಮರೆತು ನೋಡಿದರು. ತೆಪ್ಪ ಮೆಲ್ಲನೆ ಒಂದು ಸುತ್ತು ತಿರುಗಿತು.

“ನಮ್ಮಪ್ಪ ಹೇಳ್ತಿದ್ದದ್ದು ಇದ್ನೇ ಇರ್ಬೇಕು. ಬಲೆ ಹರಕೊಂಡು ಹೋಯ್ತಂತೆ. ನಾನು ಕಂಡಿಲ್ಲ ಸ್ವಾಮಿ, ಅರವತ್ತು ವರ್ಷ ಹೊಳೇಲೇ ಇವ್ನಿ.”

ಬೆರಳಿಗೆ ಬಂದ ಸುದ್ದಿ

ಹೊತ್ತು ನೆತ್ತಿಗೇರುವ ಮುನ್ನ ಬೆರಳಿನ ಮೇಲಿನ ದಾರ ಎರಡು ಸಲ ಮಿಡಿಯಿತು. ಕಲ್ಲಿನ ಉರುಳಲ್ಲ ಅದು. ಯಾರೋ ಬಾಗಿಲು ತಟ್ಟಿದಂತೆ. ಮೂರನೆಯ ಸಲ ದಾರ ಓಡಿತು, ಕೋಲೆತ್ತಿದೆ. ಮೀನು ಪ್ರವಾಹವನ್ನು ಬೆನ್ನಿಗೆ ಹಾಕಿಕೊಂಡು ಕೆಳಗಿಳಿಯಿತು. ಎಳೆಯುತ್ತಿದ್ದುದು ಮೀನೊಂದೇ ಅಲ್ಲ, ಇಡೀ ಕಾವೇರಿ. ಯಜಮಾನರು “ಬುಡಿ, ಬುಡಿ, ಓಡ್ಲಿ” ಎನ್ನುತ್ತ ತೆಪ್ಪವನ್ನು ಅದರ ಹಿಂದೆಯೇ ತೇಲಿಸಿ ನಿಂತ ನೀರಿಗೆ ತಂದರು. ಕಾಲು ಗಂಟೆಯ ಮೇಲೆ ತೆಪ್ಪದೊಳಗೆ ಹೊರಳಿದ್ದು ಮೂರು ಕಿಲೋ ತೂಗಬಹುದಾದ ರೋಹು.

ಕೈ ನಡುಗುತ್ತಿತ್ತು, ಸಂತೋಷವೂ ಕಡಮೆಯದಲ್ಲ. ಆದರೂ ಯೋಚನೆಯೊಂದು ಕಾಡಿತು. ರೋಹು ಉತ್ತರದ ನದಿಗಳ ಮೀನು. ಇಲ್ಲಿಗೆ ತಂದು ಬಿಟ್ಟದ್ದು. ಬಲೆಗೆ ನಿತ್ಯ ಬೀಳುವ ಜಿಲೇಬಿ ಆಫ್ರಿಕ ಮೂಲದ್ದು, 1952ರಲ್ಲಿ ನಮ್ಮ ದೇಶಕ್ಕೆ ಬಂದದ್ದು. ಹೊಳೆಗೆ ಹೊಸಬನು ನಾನೊಬ್ಬನೇ ಅಲ್ಲ, ನಾನು ಹಿಡಿದ ಮೀನೂ ಹೊಸಬನೇ. ಹಳಬನಾದ ಒಡೆಯನೊಬ್ಬನೇ ಅಪರಿಚಿತನಾಗಿ ಉಳಿದಿದ್ದಾನೆ. ಈ ವಲಸೆಯ ಮೀನುಗಳೇ ದಡದ ಅನೇಕ ಒಲೆಗಳನ್ನು ಉರಿಸುತ್ತಿವೆ ಎಂಬುದನ್ನೂ ಮರೆಯುವಂತಿಲ್ಲ. ರೋಹು ಯಜಮಾನರ ಮನೆಯ ಸಾರಿಗೆ ಹೋಯಿತು.

“ಆ ಗೂನು ಮೀನು ಬಲೆಗೆ ಬಂದರೆ ಏನು ಮಾಡುವಿರಿ?” ಎಂದು ದಡ ಸೇರುವಾಗ ಕೇಳಿದೆ.

“ಬಂದ್ರೆ? ನಮ್ಮಪ್ಪನ ಬಲೆ ಹರಿದಿತ್ತು. ನಾನೇ ಹರಿದು ಕಳಿಸ್ತೀನಿ.”

ಹೊಸದಾಗಿ ಈ ನೀರಿಗೆ ಬರಲೆಳಸುವ ಓದುಗರಿಗೆ ನಾಲ್ಕು ಮಾತು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಬನ್ನಿ. ಮೀನುಗಾರಿಕೆ ಇಲಾಖೆಯಲ್ಲಿ ಪರವಾನಗಿಯ ವಿಷಯ ವಿಚಾರಿಸಿ; ವನ್ಯಜೀವಿಧಾಮದ ಎಲ್ಲೆಯೊಳಗೆ ಗಾಳ ಬಿಚ್ಚಬೇಡಿ. ಅಣೆಕಟ್ಟಿನಿಂದ ನೀರು ಬಿಟ್ಟರೆ ಬಿಸಿಲ ದಿನದಲ್ಲಿಯೂ ಹೊಳೆ ಏರುವುದು. ಸಂಗಮದ ಸುಳಿಗಳಿಗೆ ಈಜು ಬಲ್ಲವರೆಂಬ ದಾಕ್ಷಿಣ್ಯವಿಲ್ಲ. ಆದುದರಿಂದ ಊರಿನ ತೆಪ್ಪದವರನ್ನು ಬಿಟ್ಟು ಇಳಿಯಬೇಡಿ. ಬೆನ್ನು ಗೂನಿದ, ಕಿತ್ತಳೆ ರೆಕ್ಕೆಯ ಮೀನೇನಾದರೂ ನಿಮ್ಮ ಗಾಳಕ್ಕೆ ಬಂದರೆ, ನೀರಿನಿಂದ ಮೇಲೆತ್ತದೆ, ಒದ್ದೆ ಕೈಯಿಂದಲೇ ಗಾಳ ಬಿಡಿಸಿ, ಅದರ ಮೂತಿಯನ್ನು ಪ್ರವಾಹದ ಕಡೆಗೆ ತಿರುಗಿಸಿ ಹಿಡಿಯಿರಿ. ಕಿವಿರು ಆಡತೊಡಗಿದೊಡನೆ ಅದು ತಾನೇ ಕೈಬಿಡಿಸಿಕೊಳ್ಳುತ್ತದೆ.