ಮೈಬಣ್ಣ

ನಾವು ಕೇರಿಯ ಮಕ್ಕಳು. ಶಾಲೆಯ ಬಣ್ಣದ ಡಬ್ಬಿಯಲ್ಲಿ 'ಮೈಬಣ್ಣ' ಅಂತ ಕರೀತಿದ್ದುದು ತಿಳಿಗುಲಾಬಿ ಕಡ್ಡಿಯನ್ನು. ಅದರಲ್ಲೇ ಅವ್ವನ ಮುಖ ಬಳಿದೆವು. ಮೇಷ್ಟ್ರು ಭೇಷ್ ಅಂದರು. ಅವ್ವ ಮಾತ್ರ, 'ಇವಳ್ಯಾರ್ಲಾ?' ಅಂದಳು.

ಅಮೆರಿಕದಲ್ಲಿ 1940ರ ದಶಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು ಕರಿಯ ಮಕ್ಕಳ ಮುಂದೆ ಬಿಳಿ, ಕಂದು ಗೊಂಬೆಗಳನ್ನಿಟ್ಟು ಯಾವುದು ಚೆಂದ ಅಂತ ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯದನ್ನೇ ತೋರಿಸಿದವು. ಶಾಲೆಗಳ ವರ್ಣಭೇದವನ್ನು ತಳ್ಳಿಹಾಕಿದ 1954ರ ತೀರ್ಪಿನ ಹಿಂದೆ ಆ ಗೊಂಬೆಗಳ ಸಾಕ್ಷಿಯೂ ಇತ್ತು.

ಮೊನ್ನೆ ಅಕ್ಕನ ಮಗಳಿಗೆ ಗುಲಾಬಿ ವಿನೈಲ್ ಗೊಂಬೆ ತಂದೆವು. 'ನನ್ ಥರ ಮಾಡು ಮಾವ' ಅಂತು ಕೂಸು. ಮಾಮೂಲಿ ಎಣ್ಣೆಬಣ್ಣ ವಿನೈಲಿನ ಮೇಲೆ ಸರಿಯಾಗಿ ಒಣಗದೆ ಅಂಟಂಟಾಗುತ್ತದೆ; ಶಾಖಕ್ಕೆ ಗಟ್ಟಿಯಾಗುವ ಎಣ್ಣೆಬಣ್ಣವೇ ಬೇಕು. ಮೊದಲು ಕಪ್ಪು ಬೆರೆಸಿದೆವು. ಬೂದಿ ಬಳಿದ ಹೆಣದಂತಾಯ್ತು. ಶಾಖ ಕೊಡುವ ಮೊದಲೇ ಒರೆಸಿದೆವು. ಬರ್ನ್ಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ನೀಲಿ, ಚೂರು ಹಳದಿ ಓಕರ್ ಕೂಡಿಸಿ, ತೆಳ್ಳಗೆ ಪದರದ ಮೇಲೆ ಪದರ ಹಚ್ಚಿ, ಒಂದೊಂದಕ್ಕೂ ಶಾಖ ಕೊಟ್ಟೆವು. ಜೀವ ಬಂತು. ನಮ್ಮ ಕಪ್ಪಿನೊಳಗೆ ಕೆಂಪಿದೆ, ನೀಲಿಯಿದೆ, ಮಣ್ಣಿದೆ. ಅಂಗೈ ಮಾತ್ರ ತಿಳಿಯಾಗಿ ಬಿಟ್ಟೆವು.

ಕೂಸು ಗೊಂಬೆಯನ್ನು ಅವ್ವನ ಮಡಿಲಿಗೆ ಹಾಕಿತು. ಅವ್ವ ಅದರ ಅಂಗೈ ಪಕ್ಕ ತನ್ನ ಅಂಗೈ ಹಿಡಿದು ನೋಡಿದಳು.

ಈ ಸಲ ಯಾರು ಅಂತ ಕೇಳಲಿಲ್ಲ.