ಯಾದವಗಿರಿ ಕಡೆಗೆ

ಕಳೆದ ರಜೆಯಲ್ಲಿ ಮೈಸೂರಿಗೆ ಹೋದಾಗ ಅಪ್ಪನ ಯೆಜ್ಡಿ ಮಾರಿಬಿಡಬೇಕೆಂದೇ ಹೊರಟಿದ್ದೆ. ಅಪ್ಪ ಹೋಗಿ ಎರಡು ವರ್ಷ. ಒಂಟಿಕೊಪ್ಪಲಿನ ಮನೆಯಲ್ಲಿ ಗಾಡಿ ಧೂಳು ಹೊದ್ದು ನಿಂತಿತ್ತು.

1979ರಲ್ಲಿ ಅದು ಹೊಸದಾಗಿ ಬಂದಾಗ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಊರಿನ ಹೆಮ್ಮೆ. 1961ರಲ್ಲಿ ಜಾವಾದಿಂದ ಶುರುವಾಗಿ, 1973ರಿಂದ ಯೆಜ್ಡಿ ತಯಾರಿಸಿ, 1996ರಲ್ಲಿ ಮುಚ್ಚಿತು. "ಎಂಜಿನ್ ಪಳಗಲಿ" ಎಂದು ಅಪ್ಪ ಮೊದಮೊದಲು ನಲವತ್ತರ ವೇಗ ಮೀರಲಿಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸುವಾಗ ಬಂಕಿನ ಹುಡುಗನ ಅಳತೆಯನ್ನು ನಂಬುತ್ತಿರಲಿಲ್ಲ. ಭಾನುವಾರ ಪ್ಲಗ್ ಬಿಚ್ಚಿ ಉಜ್ಜುವುದು, ಎರಡೂ ಸೈಲೆನ್ಸರಿನ ಮಸಿ ಕೆರೆಯುವುದು. ಬಟ್ಟೆ ಹಿಡಿದು ನಿಲ್ಲುವುದಷ್ಟೇ ನನ್ನ ಪಾಲು. ಈಗ ನ್ಯೂಜೆರ್ಸಿಯಲ್ಲಿ ಕಾರಿನ ಆಯಿಲ್ ಬದಲಿಸಲೂ ಕೂಪನ್ ಹುಡುಕುವವನು ನಾನು!

ಕೊಳ್ಳಲು ಒಬ್ಬ ಹುಡುಗ ಬಂದಿದ್ದ. ಮೆಕ್ಯಾನಿಕ್ ಕಾರ್ಬ್ಯುರೇಟರ್ ತೊಳೆದು ಜೋಡಿಸಿ, "ಒದೀರಿ ಸಾರ್" ಅಂದ. ಇದರಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್, ಅದೂ ಮರೆತಿತ್ತು. ಏಳನೆಯ ಒದೆತಕ್ಕೆ ನೀಲಿ ಹೊಗೆ, ಆ ಹಳೆಯ ಸದ್ದು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದು, ಅಪ್ಪ ಆಫೀಸಿಗೆ ಹೊರಡುವಾಗ ಮಾಡುತ್ತಿದ್ದಂತೆ, ಗೇಟು ತೆಗೆದು ನಿಂತಳು.

"ಒಂದು ಸುತ್ತು ಹೋಗಿ ಬರ್ತೀನಿ" ಎಂದು ಹುಡುಗನಿಗೆ ಹೇಳಿ ಯಾದವಗಿರಿ ಕಡೆಗೆ ತಿರುಗಿಸಿದೆ.